ಅದಿರಿನ ಹಣ: ಆದಾಯವೋ, ಮೂಲಧನವೋ?

ಕೋಡಿಗೂ ಗಂಗೊಳ್ಳಿಗೂ ನಡುವೆ ಪಂಚಗಂಗಾವಳಿಯು ಸಮುದ್ರವನ್ನು ಕೂಡುವ ಅಳಿವೆಯ ಮಾರ್ಗವಾಗಿ ಪೂರ್ವಕಾಲದಲ್ಲಿ ಬಸರೂರಿನ ಅಕ್ಕಿಯು ಪರದೇಶಗಳಿಗೆ ಹಡಗೇರಿ ಹೋಗುತ್ತಿದ್ದ ಸಂಗತಿಯು ನಮ್ಮ ವಾಚಕರಿಗೆ ತಿಳಿಯದುದಲ್ಲ. ಎಷ್ಟು ಮುಡಿ ಅಕ್ಕಿ ಹೋದರೂ ಮುಂದಿನ ಮಳೆಗಾಲಕ್ಕೆ ಗದ್ದೆಯು ಮರಳಿ ಫಲಿಸುತ್ತಿದ್ದಿತು. ಘಟ್ಟದ ಮೇಲಿನ ಕಬ್ಬಿಣದ ಅದಿರಿಗಾದರೋ ಮುಂದಿನ ಮಳೆಗಾಲವೆಂಬುದಿಲ್ಲ. ಅಕ್ಕಿಯನ್ನು ಮಾರಿದವನು ಬೆಳೆಯನ್ನು ಮಾರಿದನು. ಅದಿರನ್ನು ಮಾರಿದವನು ಗದ್ದೆಯನ್ನೇ ಮಾರಿದನು. ಈ ಭೇದವನ್ನು ಗಣಿಸದೆ, ಅದಿರಿನ ಹಣವನ್ನು ವರ್ಷಂಪ್ರತಿಯ ಆದಾಯವೆಂದು ಲೆಕ್ಕದಲ್ಲಿ ಬರೆದು ವ್ಯಯಿಸುವುದೇ ಖನಿಜಸಂಪನ್ನವಾದ ನಮ್ಮ ನಾಡಿನ ಅರ್ಥವ್ಯವಸ್ಥೆಯ ಮೂಲದೋಷವೆಂದು ನಮ್ಮ ಅಭಿಪ್ರಾಯ.

ಕುದುರೆಮುಖವನ್ನೇ ನೋಡೋಣ. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಗಿ, ಮರುವರ್ಷ ಕಂಪೆನಿಯು ಸ್ಥಾಪಿತವಾಯಿತು. 1979ರಲ್ಲಿ ಅಲ್ಲಿ ರಾಜ್ಯಕ್ರಾಂತಿಯುಂಟಾಗಲು, ಕೊಳ್ಳುವವನೂ ಸಾಲ ಕೊಡುವವನೂ ಆಗಿದ್ದ ಏಕಮಾತ್ರ ಗಿರಾಕಿಯು ಕೈಬಿಟ್ಟನು. ಆ ಮೇಲೆ ಅದಿರಿನ ಕೆಸರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿದು ಬಹುವರ್ಷ ಹಡಗು ಸೇರಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಗಣಿ ನಿಂತಿತು. ಆ ತೀರ್ಪನ್ನು ನಾವು ಆಕ್ಷೇಪಿಸುವುದಿಲ್ಲ. ಭದ್ರೆಯ ನೀರು ಕುಡಿಯುವವರಾರೂ ಆಕ್ಷೇಪಿಸಲಾರರು. ಆದರೆ ಮಂಗಳೂರಿನ ಅದಿರುಂಡೆಯ ಕಾರ್ಖಾನೆಗೆ ಛತ್ತೀಸಗಢದಿಂದ ಅದಿರು ತರಿಸಬೇಕಾಗಿ ಬಂದುದು ವಿಚಾರಾರ್ಹವಾದ ವಿಷಯ.

ಬಳ್ಳಾರಿಯ ಕಥೆಯು ಇದಕ್ಕಿಂತಲೂ ಶೋಚನೀಯ. ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆಯು ಟನ್ನಿಗೆ ಸಾವಿರಾರು ರೂಪಾಯಿಗಳಿಗೆ ಏರಿದ್ದ ಕಾಲದಲ್ಲಿಯೂ, 2009ರ ಆಗಸ್ಟ್ ವರೆಗೆ, ಉತ್ತಮ ದರ್ಜೆಯ ಅದಿರಿಗೆ ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನವು ಟನ್ನಿಗೆ 27 ರೂಪಾಯಿಗಳನ್ನು ಮೀರಿರಲಿಲ್ಲ! ಅನಂತರ ಅದು ಬೆಲೆಯ ನೂರಕ್ಕೆ 10 ಆಗಿ, 2014ರಲ್ಲಿ 15 ಆಯಿತು. ಅಷ್ಟರಲ್ಲಿ ಗುಡ್ಡಗಳು ಕರಗಿದ್ದವು. ಅಂಕೋಲೆಯ ಬೇಲೆಕೇರಿ ಬಂದರದಲ್ಲಿ ಅಧಿಕಾರಿಗಳು ಮುಟ್ಟುಗೋಲು ಹಾಕಿದ್ದ ಲಕ್ಷಾಂತರ ಟನ್ ಅದಿರೇ 2010ರಲ್ಲಿ ಕಣ್ಮರೆಯಾಯಿತೆಂದ ಮೇಲೆ ಕಾವಲಿನ ಮಾತೇನು? 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿಯು ಬಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಗಣಿಪ್ರದೇಶಗಳ ಪುನರುದ್ಧಾರಕ್ಕಾಗಿ 2014ರಲ್ಲಿ ಒಂದು ನಿಗಮವೂ ಸ್ಥಾಪಿತವಾಯಿತು. ಅದರ ಸುಮಾರು 25,000 ಕೋಟಿ ರೂಪಾಯಿಗಳ ಯೋಜನೆಗೆ ಸಮ್ಮತಿ ದೊರೆತುದು ಮಾತ್ರ 2022ರಲ್ಲಿ. ನಡುವೆ ಕಳೆದ ಎಂಟು ಮಳೆಗಾಲಗಳಲ್ಲಿ ಸಂಡೂರಿನ ರೈತನು ಕೆಂಪು ಧೂಳಿನ ಹೊಲವನ್ನೇ ಉತ್ತನು. ರಫ್ತಿನ ದ್ವಾರವಾದರೋ ಅದೇ 2022ರಲ್ಲಿ ಪುನಃ ತೆರೆಯಿತು.

ಕಚ್ಚಾ ಮಾಲನ್ನು ಕಳುಹಿಸಿ ಪಕ್ಕಾ ಮಾಲನ್ನು ಕೊಳ್ಳುವ ದೇಶವು ಬಡವಾಗುವುದೆಂದು ದಾದಾಭಾಯಿ ನವರೋಜಿಯವರ ಕಾಲದಿಂದ ನಮ್ಮವರು ಹೇಳುತ್ತ ಬಂದಿದ್ದಾರೆ. ಇಂಡೋನೇಷ್ಯವು 2020ರಲ್ಲಿ ನಿಕ್ಕಲ್ ಅದಿರಿನ ರಫ್ತನ್ನು ತಡೆದು ಕುಲುಮೆಗಳನ್ನು ತನ್ನಲ್ಲಿಗೇ ಬರಮಾಡಿಕೊಂಡಿತು. ಅಷ್ಟು ದೂರವೇಕೆ? ನಮ್ಮ ಕುಂದಾಪುರ ಪ್ರಾಂತದ ಹೆಂಚಿನ ಕಾರ್ಖಾನೆಗಳು ಆವೆಮಣ್ಣನ್ನು ಅಗೆದ ಹೊಂಡಗಳು ಉಳಿದವೇನೋ ನಿಜ. ಆದರೆ ಅಚ್ಚೊತ್ತಿದ, ಒಣಗಿಸಿದ, ಸುಟ್ಟ ಕೂಲಿಯು ಊರಿನವರ ಕೈಸೇರಿತು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಾರ್ಖಾನೆಯ ಹಿಂದೆ ವಿಶ್ವೇಶ್ವರಯ್ಯನವರಿಗಿದ್ದ ದೃಷ್ಟಿಯೂ ಇದೇ. ಹೀಗಿದ್ದರೂ ಉಕ್ಕನ್ನು ಇಲ್ಲಿಯೇ ಮಾಡಿದ ಮಾತ್ರಕ್ಕೆ ಗಣಿಯ ಹೊಂಡ ತುಂಬುವುದಿಲ್ಲ. ನಮ್ಮಲ್ಲಿಯೇ ಮುರಕಲ್ಲು ತೆಗೆದು ಬಿಟ್ಟ ಕಣಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಬಹುಮತದಿಂದ, ರಾಜಧನವು ತೆರಿಗೆಯಲ್ಲವೆಂದೂ, ಖನಿಜದ ಹಕ್ಕುಗಳ ಮೇಲೆ ತೆರಿಗೆ ಹಾಕಲು ರಾಜ್ಯಗಳಿಗೆ ಅಧಿಕಾರವಿದೆಯೆಂದೂ ನಿರ್ಣಯಿಸಿತು. ಇದು ರಾಜ್ಯಗಳಿಗೆ ದೊರೆತ ದೊಡ್ಡ ಅಧಿಕಾರ. ಆದರೆ ಇದರಿಂದ ಬರುವ ಹಣವು ಸಂಬಳ, ಭತ್ಯೆ, ಸಾಲದ ಬಡ್ಡಿಗಳಿಗೆ ಸಂದುಹೋಗುವುದಾದರೆ ಲೂಟಿಗೆ ಬದಲು ದುಂದುವೆಚ್ಚ ಬಂದಂತಾಯಿತೇ ಹೊರತು ಬೇರೇನಿಲ್ಲ. ನಾರ್ವೆಯು 1990ರಲ್ಲಿ ಕಾನೂನು ಮಾಡಿ ಎಣ್ಣೆಯ ಹಣಕ್ಕೆ ಪ್ರತ್ಯೇಕ ನಿಧಿಯನ್ನು ಕಲ್ಪಿಸಿತು. ಅಂತಹ ನಿಧಿಯೊಂದನ್ನು ಕರ್ನಾಟಕವೂ ಶಾಸನಬದ್ಧವಾಗಿ ಸ್ಥಾಪಿಸಿ, ಅದರ ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಶಾಲೆ, ನೀರು, ಅರಣ್ಯಗಳಿಗೆ ವಿನಿಯೋಗಿಸತಕ್ಕದ್ದು. ಆಯವ್ಯಯ ಪಟ್ಟಿಯಲ್ಲಿ ಗಣಿಯ ಹಣಕ್ಕೆ ಬೇರೆ ಲೆಕ್ಕವನ್ನು ಕಾಣಿಸಬೇಕೆಂದು ಕುಂದಾಪುರ, ಬೈಂದೂರುಗಳ ಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿಯೇ ಕೇಳುವರೆಂದು ನಾವು ನಿರೀಕ್ಷಿಸುತ್ತೇವೆ.