ಕೇಬಲ್ ಹೂಳಿದರಷ್ಟೇ ಸಾಲದು
ರಾಯಚೂರು ಜಿಲ್ಲೆಯ ದೇವದುರ್ಗದಲ್ಲೋ ಮಾನ್ವಿಯಲ್ಲೋ ಪಹಣಿ ತೆಗೆಸಲು ಗ್ರಾಮ ಒನ್ ಕೇಂದ್ರಕ್ಕೆ ಹೋದವರಿಗೆ ಬಹಳ ಸಲ ಸಿಗುವ ಉತ್ತರ ಒಂದೇ: ‘ಸರ್ವರ್ ಇಲ್ರೀ, ನಾಳೆ ಬರ್ರಿ.’ ಕೂಲಿ ಬಿಟ್ಟು ಬಂದ ಹೆಣ್ಣುಮಗಳು ಆಧಾರ್ ಜೆರಾಕ್ಸನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಊರಿನ ದಾರಿ ಹಿಡಿಯುತ್ತಾಳೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದುದ್ದಕ್ಕೂ ಇದೇ ಗೋಳು. ದೂರ ಇದಕ್ಕೆ ಕಾರಣವಲ್ಲ. ರಾಯಚೂರಿನಿಂದ ಸರ್ಕಾರದ ಡೇಟಾ ಸೆಂಟರ್ ಇರುವ ಬೆಂಗಳೂರಿಗೆ ಸುಮಾರು 400 ಕಿ.ಮೀ.; ಫೈಬರ್ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ತೊಡಕಿರುವುದು ಎರಡು ತುದಿಗಳಲ್ಲಿ. ಆ ಕಡೆ ಲಕ್ಷಾಂತರ ಮಂದಿ ಒಮ್ಮೆಲೇ ಮುಗಿಬಿದ್ದರೆ ಸರ್ವರ್ ತಡೆಯುವುದಿಲ್ಲ. ಈ ಕಡೆ ರಸ್ತೆ ಅಗೆಯುವ ಜೆಸಿಬಿ ಹಲ್ಲಿಗೆ ಒಂದು ಕೇಬಲ್ ಸಿಕ್ಕರೆ ಸುತ್ತಲಿನ ಹಳ್ಳಿಗಳ ಸಂಪರ್ಕವೇ ಹೋಗುತ್ತದೆ. ಕರೆಂಟ್ ಹೋದರಂತೂ ಬ್ಯಾಟರಿಯಿಲ್ಲದ ಮೋಡೆಮ್ ಸತ್ತಂತೆಯೇ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರ್‌ನಲ್ಲಿ. ಭಾರತ್‌ನೆಟ್ ಎಂಬ ಹೆಸರು ಬಂದದ್ದು ಆಮೇಲೆ. ಎಷ್ಟು ಕಿಲೋಮೀಟರ್ ಕೇಬಲ್ ಹೂಳಿದೆವು ಎಂದು ಹೇಳುವವರು, ಅದು ದಿನಕ್ಕೆ ಎಷ್ಟು ತಾಸು ಕೆಲಸ ಮಾಡಿತು ಎಂಬ ಲೆಕ್ಕವನ್ನೂ ಪಂಚಾಯಿತಿವಾರು ಜನರ ಮುಂದಿಡಬೇಕು. ಬೇರೆ ದಾರಿಯಲ್ಲಿ ಬರುವ ಇನ್ನೊಂದು ಕೇಬಲ್, ಗಟ್ಟಿ ಬ್ಯಾಟರಿ, ತಾಲ್ಲೂಕಿನಲ್ಲೇ ಇರುವ ರಿಪೇರಿ ತಂಡ, ಇಷ್ಟಾದರೂ ಬೇಕೇಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಲಿ. ದೇವದುರ್ಗ, ಮಾನ್ವಿಗಳಿಂದಲೇ ಶುರುಮಾಡಲಿ.