ಏನೂ ನಡೆಯದ ಎಂಟು ತುಣುಕು

ಈ ಸಂಚಿಕೆಯ ಸಂಗೀತ ಪುಟಗಳಲ್ಲಿ ಒಂದೇ ಆಲ್ಬಂ ಕುರಿತ ಕೇಳುಗರ ಅಭಿಪ್ರಾಯಗಳನ್ನು ಒಟ್ಟಿಗೆ ಹಾಕಿದ್ದೇವೆ. ಆಲ್ಬಂ ಹೊಸದೇನಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸ್ಕಾರ್ನ್ ತಂಡ 1995ರಲ್ಲಿ ಹೊರತಂದ ‘ಜೈರಲ್’ ಅದು. ಹಾಡುವ ದನಿಯಿಲ್ಲ, ಗುನುಗಿಕೊಳ್ಳಲು ಒಂದು ಮಟ್ಟೂ ಇಲ್ಲ. ವಿಳಂಬದಲ್ಲಿ ಬೀಳುವ ಡ್ರಮ್ ಪೆಟ್ಟು, ಅದರಡಿ ಭಾರವಾದ ಬೇಸ್, ದೂರದಲ್ಲೆಲ್ಲೋ ಯಂತ್ರವೊಂದು ಓಡುತ್ತಲೇ ಇರುವಂಥ ಸದ್ದು. ಎಂಟು ತುಣುಕಿನ ಸಂಸಾರ ಇಷ್ಟರಲ್ಲೇ ನಡೆಯುತ್ತದೆ. ಬಂದ ಪತ್ರಗಳು ಎರಡು ಬಣವಾಗಿವೆ. ‘ಇದರಲ್ಲಿ ಏನೂ ನಡೆಯುವುದೇ ಇಲ್ಲ’ ಎಂದು ಸಿಟ್ಟಾದವರು ಒಂದು ಕಡೆ, ದೀಪ ಆರಿಸಿ ಇದನ್ನೇ ಮತ್ತೆ ಮತ್ತೆ ಹಾಕಿಕೊಳ್ಳುವವರು ಇನ್ನೊಂದು ಕಡೆ. ಸಿಟ್ಟಾದವರ ವರ್ಣನೆ ಸರಿಯಾಗಿಯೇ ಇದೆ. ಅದನ್ನು ದೂರು ಎಂದುಕೊಂಡದ್ದಕ್ಕೆ ಮಾತ್ರ ನನ್ನ ತಕರಾರು.

ಎರಡೂ ಬಣದ ಬಹುತೇಕರು ಒಂದು ವಿಷಯ ಬರೆದಿಲ್ಲ: ಕೇಳಿದ್ದು ಯಾವುದರಲ್ಲಿ? ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದಲೇ ನಾದ ಸಿಗತೊಡಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ 100 ಹರ್ಟ್ಸ್‌ನ ಕೆಳಗಿನದು ದಕ್ಕುವುದೇ ಇಲ್ಲವೆನ್ನಬೇಕು. ಈ ಆಲ್ಬಂನ ಜೀವವಿರುವುದು ಆ ಮಂದ್ರದಲ್ಲಿ. ಅದನ್ನು ಫೋನು ಸದ್ದಿಲ್ಲದೆ ಕತ್ತರಿಸಿ ಹಾಕಿ, ಮಿಕ್ಕ ಟಿಕ್‌ಟಿಕ್ಕನ್ನಷ್ಟೇ ಕೊಡುತ್ತದೆ. ಒಳ್ಳೆಯ ಸ್ಪೀಕರ್ ಕೊಂಡರೂ ಪಾರಾಗುವಂತಿಲ್ಲ. 50 ಹರ್ಟ್ಸ್‌ನ ಅಲೆಯ ಉದ್ದ ಹೆಚ್ಚುಕಡಿಮೆ 7 ಮೀಟರ್. ನಮ್ಮ ಬಾಡಿಗೆ ಮನೆಗಳ ಹಾಲ್ ಅಷ್ಟು ಉದ್ದವಿರುವುದು ಅಪರೂಪ. ಅಲೆ ಗೋಡೆಗೆ ಬಡಿದು ವಾಪಸು ಬಂದು ತನ್ನ ಮೇಲೆಯೇ ಬೀಳುತ್ತದೆ. ಮೂಲೆಯಲ್ಲಿ ಕೂತವರ ಎದೆ ಅದುರುತ್ತಿರುವಾಗ ಕೋಣೆಯ ನಡುವೆ ಕೂತವರಿಗೆ ಅದೇ ಸ್ವರ ಮಾಯವಾಗಿರಬಹುದು. ಒಂದೇ ಸೋಫಾದ ಎರಡು ತುದಿಯಲ್ಲಿ ಕೂತ ಗಂಡ ಹೆಂಡತಿ ಎರಡು ಬೇರೆ ಆಲ್ಬಂ ಕೇಳಿ ಎದ್ದರೆ ಅದು ರುಚಿಭೇದವೆಂದು ಜಗಳಕ್ಕೆ ಇಳಿಯಬೇಕಿಲ್ಲ.

ಈ ಆಲ್ಬಂ ಸೇರುವ ಡಬ್ ಎಂಬ ಪ್ರಕಾರದ ಬುಡದಲ್ಲೇ ಕಳೆಯುವ ಲೆಕ್ಕವಿದೆ. 1960ರ ದಶಕದ ಕೊನೆ, 70ರ ಮೊದಲ ವರ್ಷಗಳು, ಜಮೈಕಾದ ಕಿಂಗ್‌ಸ್ಟನ್. ಕಿಂಗ್ ಟಬ್ಬಿ ಎಂದೇ ಹೆಸರಾದ ಆಸ್ಬರ್ನ್ ರುಡಕ್ ಮೂಲತಃ ರೇಡಿಯೊ, ಆಂಪ್ಲಿಫೈಯರ್ ರಿಪೇರಿಯವರು. ಆಗಲೇ ಮುದ್ರಣವಾಗಿದ್ದ ರೆಗ್ಗೆ ಹಾಡಿನಿಂದ ಗಾಯಕನನ್ನು ಇಳಿಸಿದರು, ಗಿಟಾರನ್ನು ಅಡಗಿಸಿದರು, ಡ್ರಮ್ಮನ್ನೂ ಬೇಸನ್ನೂ ಉಳಿಸಿಕೊಂಡು, ತೆಗೆದುಹಾಕಿದ ದನಿಯ ಒಂದು ಚೂರನ್ನು ಪ್ರತಿಧ್ವನಿ ಮಾಡಿ ಮಧ್ಯೆ ಎಸೆದರು. ಅದನ್ನು ಜನ ಕೇಳಿದ್ದು ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಮುಂದೆ, ಬಯಲಲ್ಲಿ, ಕುಣಿಯುತ್ತ.

ಆ ಸಂಗೀತ ಬರ್ಮಿಂಗ್‌ಹ್ಯಾಮಿಗೆ ಬಂದದ್ದು ಕೂಲಿಯ ದಾರಿಯಲ್ಲಿ. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳ ಜನ ಅಲ್ಲಿನ ಕಾರ್ಖಾನೆಗಳಿಗೆ ದುಡಿಯಲು ಬಂದರು. ಹ್ಯಾಂಡ್ಸ್‌ವರ್ತ್ ಬಡಾವಣೆಯಲ್ಲಿ ನೆಲೆನಿಂತರು. ಸ್ಟೀಲ್ ಪಲ್ಸ್ ತಂಡ 1978ರ ತನ್ನ ಮೊದಲ ಆಲ್ಬಂನ ಶೀರ್ಷಿಕೆಯಲ್ಲೇ ಆ ಬಡಾವಣೆಯ ಹೆಸರನ್ನು ಸೇರಿಸಿತು. ಇದೇ ಊರಿನ ತಗಡಿನ ಕಾರ್ಖಾನೆಯಲ್ಲಿ ಹುಡುಗ ಟೋನಿ ಅಯೋಮಿ ಬೆರಳ ತುದಿ ಕಳೆದುಕೊಂಡು, ಅದೇ ಕೈಯಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ನುಡಿಸಿದ. ಈ ಬಗೆಯ ಸಂಗೀತಕ್ಕೆ ಅಂಟಿರುವ ‘ಇಂಡಸ್ಟ್ರಿಯಲ್ ಡಬ್’ ಎಂಬುದನ್ನು ವಿಮರ್ಶಕರು ಕೂತು ಹೆಣೆದ ಹಣೆಪಟ್ಟಿಯೆಂದು ನಮ್ಮ ಓದುಗರೊಬ್ಬರು ಹಂಗಿಸಿದ್ದಾರೆ. ಆ ಊರಿನಲ್ಲಂತೂ ಲೋಹದ ಸದ್ದೂ ಜಮೈಕಾದ ಬೇಸೂ ಅಕ್ಕಪಕ್ಕದ ಬೀದಿಯವು.

ಸ್ಕಾರ್ನ್‌ನ ಮಿಕ್ ಹ್ಯಾರಿಸ್ ಅದಕ್ಕೂ ಮುಂಚೆ ನೇಪಾಮ್ ಡೆತ್ ತಂಡದ ಡ್ರಮ್ಮರ್. ಆ ತಂಡದ 1987ರ ‘ಸ್ಕಮ್’ ಆಲ್ಬಂನಲ್ಲಿರುವ ‘ಯೂ ಸಫರ್’ ಮುಗಿಯಲು ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು ಹಿಡಿಯುತ್ತದೆ; ಅತಿ ಚಿಕ್ಕ ಹಾಡೆಂದು ಗಿನ್ನೆಸ್ ದಾಖಲೆಗೂ ಸೇರಿತು. ತಲೆ ತಿರುಗಿಸುವ ಆ ವೇಗಕ್ಕೆ ಹೆಸರಾಗಿದ್ದ ಮನುಷ್ಯ 1991ರಲ್ಲಿ ತಂಡ ಬಿಟ್ಟು, ಹಳೆಯ ಜೊತೆಗಾರ ನಿಕ್ ಬುಲೆನ್ ಜೊತೆ ಸ್ಕಾರ್ನ್ ಕಟ್ಟಿದರು. ಬುಲೆನ್ ಹೊರಟರು, ಅವರ ಹಾಡಿಕೆಯೂ ಹೋಯಿತು. ಹ್ಯಾರಿಸ್ ಒಬ್ಬರೇ ಉಳಿದ ಮೇಲೆ ಬಂದದ್ದು ‘ಜೈರಲ್’.

ಮೆಚ್ಚಿದವರ ಪತ್ರಗಳೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ‘ಧ್ಯಾನ’ ಎಂಬ ಮಾತು ಅವುಗಳಲ್ಲಿ ಅತಿಯಾಗಿ ಬಂದಿದೆ. ಈ ಸಂಗೀತದಲ್ಲಿ ಶಾಂತಿಯಿಲ್ಲ. ರಾತ್ರಿ ಪಾಳಿಯ ದಣಿವಿದೆ, ಒಂದಿಷ್ಟು ಬೆದರಿಕೆಯೂ ಇದೆ. ಅಲ್ಲದೆ ಇಷ್ಟೆಲ್ಲ ಕಳೆಯಬಲ್ಲವರು ಎಂಟರಲ್ಲಿ ಎರಡು ತುಣುಕನ್ನೂ ಕಳೆದಿದ್ದರೆ ನಷ್ಟವಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಒಂದು ಪತ್ರದಲ್ಲಿದೆ. ಡಬ್ ಎನ್ನಲು ಮೊದಲೊಂದು ಹಾಡು ಇರಬೇಕು, ಅದನ್ನು ಬಿಚ್ಚಬೇಕು. ಇಲ್ಲಿ ಬಿಚ್ಚಲು ಹಾಡೇ ಇರಲಿಲ್ಲವಲ್ಲ, ಹಾಗಾದರೆ ಹ್ಯಾರಿಸ್ ಕಳೆದದ್ದು ಏನನ್ನು ಎಂದು ಆ ಪತ್ರ ಕೇಳುತ್ತದೆ. ತನ್ನದೇ ವೇಗವನ್ನು, ತನ್ನದೇ ಎರಡು ಕೈಗಳ ಖ್ಯಾತಿಯನ್ನು ಎಂಬುದು ನನ್ನ ಉತ್ತರ. ಪತ್ರ ಬರೆದವರು ಇದನ್ನು ಒಪ್ಪಲಾರರು. ಅವರ ವಾದವನ್ನು ಒಂದಕ್ಷರವೂ ಬಿಡದೆ ಮೊದಲ ಪುಟದಲ್ಲೇ ಹಾಕಿದ್ದೇವೆ.