ಪೌಷ್ಟಿಕತೆಯ ಪಾಠಕ್ಕೆ ಹೊತ್ತು ಯಾವುದು?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ಬಡ ಪ್ರದೇಶವೆಂದು ಯಾರೂ ಕರೆಯಲಾರರು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯುದ್ದಕ್ಕೂ ಕಬ್ಬು ನಿಂತಿದೆ. ಉಗಾರದಿಂದ ಚಿಕ್ಕೋಡಿಯವರೆಗೆ ಸಕ್ಕರೆ ಕಾರ್ಖಾನೆಗಳಿವೆ. ನಿಪ್ಪಾಣಿಯ ತಂಬಾಕು ಪೇಟೆಯ ಹೆಸರು ದೇಶಕ್ಕೇ ಗೊತ್ತು. ಆದರೆ ಈ ಸಮೃದ್ಧಿ ಭೂಮಿಯುಳ್ಳವರದು. ಕಬ್ಬು ಕಡಿಯುವ, ಬೀಡಿ ಕಟ್ಟುವ, ಕಳೆ ಕೀಳುವ ಮನೆಗಳ ಅಡುಗೆಯ ಒಲೆಯವರೆಗೆ ಅದು ಹರಿದು ಬಂದಿದೆಯೆ ಎಂಬುದೇ ಪ್ರಶ್ನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಮಹಿಳೆಯರಲ್ಲಿ ಈ ಪ್ರಮಾಣ ಶೇ 47.8, ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 44.8 ಇತ್ತು. ಅಂಗನವಾಡಿ, ಅನ್ನಭಾಗ್ಯ, ಕ್ಷೀರಭಾಗ್ಯ, ಬಿಸಿಯೂಟ ಎಲ್ಲವೂ ಇದ್ದ ಅವಧಿಯಲ್ಲೇ ಮಹಿಳೆಯರ ರಕ್ತಹೀನತೆ ಏರಿತೆಂಬುದು ಆಡಳಿತದಲ್ಲಿ ದುಡಿದ ನನ್ನಂಥವರಿಗೆ ನುಂಗಲು ಕಷ್ಟವಾದ ಸತ್ಯ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ‘ಗ್ರಾಮೀಣ ಮಹಿಳೆಯರಿಗೆ ತಿಳಿವಳಿಕೆ ಇಲ್ಲ, ಅರಿವು ಮೂಡಿಸಬೇಕು.’ ನಾನೂ ಸೇವೆಯಲ್ಲಿದ್ದಾಗ ಇಂಥ ವಾಕ್ಯಗಳಿಗೆ ಸಹಿ ಮಾಡಿದವನೇ. ಗಡಿ ಭಾಗದ ಹಳ್ಳಿಯೊಂದರಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದಿದ್ದ ತಾಯಂದಿರ ಸಭೆಗೆ ಒಮ್ಮೆ ಹೋಗಿದ್ದೆ. ಗೋಡೆಯ ಮೇಲೆ ಸೇಬು, ಕಿತ್ತಳೆಗಳ ಬಣ್ಣದ ಚಿತ್ರ. ಬಂದಿದ್ದವರು ಏಳೆಂಟು ಜನ, ಹೆಚ್ಚಿನವರು ಮುದುಕಿಯರು. ಭಾಷಣ ಮುಗಿದ ಮೇಲೆ ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳು ಎದ್ದುನಿಂತು, ‘ನೀವು ಹೇಳೂದು ಖರೇನ ಐತ್ರಿ ಸಾಹೇಬ್ರ, ಆದರ ತಾಸೊತ್ತು ಇಲ್ಲಿ ಕುಂತ್ರ ನನ್ನ ಬೀಡಿ ಯಾರು ಕಟ್ಟತಾರ?’ ಎಂದಳು. ಅರ್ಥಶಾಸ್ತ್ರದ ತರಗತಿಯಲ್ಲಿ ಅವಕಾಶ ವೆಚ್ಚದ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆದವನಿಗೆ ಅದರ ಅರ್ಥವಾದದ್ದು ಅಂದು. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ. ಕಬ್ಬಿನ ಕೂಲಿ ಟನ್ನಿನ ಲೆಕ್ಕದಲ್ಲಿ. ಸಭೆಗೆ ಬರುವ ತಾಯಿ ಅದಕ್ಕೆ ತನ್ನ ಗಂಟಿನಿಂದ ಶುಲ್ಕ ತೆರುತ್ತಿದ್ದಾಳೆ.

ಇದೇ ತಪ್ಪು ದೊಡ್ಡ ಯೋಜನೆಗಳಲ್ಲೂ ನುಸುಳಿದೆ. 2017ರ ಅಕ್ಟೋಬರ್ 2ರಂದು ಆರಂಭವಾದ ‘ಮಾತೃಪೂರ್ಣ’ ಯೋಜನೆಯ ಉದ್ದೇಶ ಪ್ರಶ್ನಾತೀತವಾದುದು. ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಬಡಿಸಿದರೆ ಅದು ಮನೆಮಂದಿಯ ನಡುವೆ ಹಂಚಿಹೋಗದೆ ಅವಳ ಹೊಟ್ಟೆಗೇ ಸೇರುತ್ತದೆ. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟುವುದನ್ನು ಒಪ್ಪದ ಮನೆಗಳಿವೆ, ಮಧ್ಯಾಹ್ನ ಹೊಲದಲ್ಲಿರುವ ಗರ್ಭಿಣಿಯರಿದ್ದಾರೆ. ಊಟ ಸಿದ್ಧವಿದ್ದರೂ ಉಣ್ಣುವವಳು ಬರಲಾಗದ ಸ್ಥಿತಿ ಹಲವೆಡೆ ಉಂಟಾಯಿತು.

ಹಾಗೆಂದು ತಿಳಿವಳಿಕೆಯ ಕೊರತೆಯೇ ಇಲ್ಲವೆಂದಲ್ಲ. ಅದು ನಾವು ಊಹಿಸಿದ ಕಡೆ ಇಲ್ಲ, ಅಷ್ಟೆ. ಹಣ್ಣು, ತರಕಾರಿ ಒಳ್ಳೆಯದೆಂದು ಪ್ರತಿ ತಾಯಿಗೂ ಗೊತ್ತು. ಗೊತ್ತಿಲ್ಲದಿರುವುದು ಸಣ್ಣ ಸಂಗತಿಗಳು. ಆರು ತಿಂಗಳು ತುಂಬಿದ ಕೂಸಿಗೆ ಬೇಳೆಯ ಮೇಲಿನ ತಿಳಿನೀರು ಕುಡಿಸಿ ‘ಉಂಡಿತು’ ಎನ್ನುತ್ತಾರೆ. ಸತ್ವವಿರುವುದು ತಳದ ಬೇಳೆಯಲ್ಲಿ. ಅದನ್ನು ಅರೆದು, ಗಟ್ಟಿಯಾಗಿ ಕಲಸಿ, ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿದರೆ ಪುಟ್ಟ ಹೊಟ್ಟೆಗೆ ಅಗತ್ಯವಾದ ಶಕ್ತಿ ಸಿಗುತ್ತದೆ. ಕಬ್ಬಿಣಾಂಶದ ಗುಳಿಗೆ ನುಂಗಿದ ಬೆನ್ನಲ್ಲೇ ಚಹಾ ಕುಡಿದರೆ ಅದರ ಪ್ರಯೋಜನ ಬಹುಪಾಲು ವ್ಯರ್ಥ. ಹೊತ್ತು ಹೊತ್ತಿಗೆ ಚಹಾ ಕುಡಿಯುವ ಈ ಸೀಮೆಯಲ್ಲಿ ಇದೊಂದೇ ಮಾತನ್ನು ಮನದಟ್ಟು ಮಾಡಿಸಿದರೂ ದೊಡ್ಡ ಕೆಲಸವಾದೀತು. ಬೆಳಗಿನ ಹಾಲು ಡೇರಿಗೆ ಹೋಗಿ, ಉಳಿದದ್ದು ಚಹಾಕ್ಕೆ ಬಿದ್ದು, ಮಗುವಿನ ಕೈಗೆ ಬಿಸ್ಕತ್ತಿನ ಪೊಟ್ಟಣ ಬರುವುದು ಅಜ್ಞಾನದಿಂದಲ್ಲ, ನಗದಿನ ಒತ್ತಡದಿಂದ.

ಈ ನೆಲದ ಊಟವೇನೂ ಬಡವಾದುದಲ್ಲ. ಜೋಳದ ರೊಟ್ಟಿ, ಝುಣಕ, ಮಡಿಕೆ ಕಾಳಿನ ಉಸುಳಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಂಡಿ ಪಲ್ಯೆ, ಹೊಲದ ಬದುವಿನ ಹಕ್ಕರಕಿ: ಯಾವ ಆಹಾರತಜ್ಞರ ಪಟ್ಟಿಗೂ ಇದು ಕಡಿಮೆಯದಲ್ಲ. ಅಥಣಿಯ ಪೂರ್ವದ ಒಣಭೂಮಿಯಲ್ಲಿ ಇನ್ನೂ ಜೋಳ ಕಾಣುತ್ತದೆ. ನದಿದಂಡೆಯಲ್ಲಿ ಕಬ್ಬು ಬಂದು ಕಾಳು, ಎಣ್ಣೆಬೀಜಗಳ ಅಕ್ಕಡಿ ಸಾಲನ್ನು ನುಂಗಿತು. ಹೊಲದಿಂದ ಒಲೆಗೆ ಬರುತ್ತಿದ್ದ ಬೇಳೆ ಅಂಗಡಿಯಿಂದ ಬರುವಂತಾಯಿತು. ಆದ್ದರಿಂದ ಪಾಠ ಚಿತ್ರಪಟದ ಸೇಬಿನಿಂದಲ್ಲ, ಶೇಂಗಾದಿಂದ ಆರಂಭವಾಗಲಿ. ಮೊಟ್ಟೆ ತಿನ್ನುವ ಮನೆಗೆ ಮೊಟ್ಟೆಯನ್ನು ಸಂಕೋಚವಿಲ್ಲದೆ ಹೇಳಬೇಕು. ಜೈನರೂ ಲಿಂಗಾಯತರೂ ಗಣನೀಯವಾಗಿರುವ ಈ ತಾಲ್ಲೂಕುಗಳಲ್ಲಿ ಅದನ್ನು ಮುಟ್ಟದವರಿಗೆ ಹಾಲು, ಕಾಳುಗಳ ಲೆಕ್ಕ ಕೊಡಬೇಕು. ಒಬ್ಬರ ತಟ್ಟೆಯನ್ನು ಇನ್ನೊಬ್ಬರಿಗೆ ಉಪದೇಶಿಸುವ ಗೊಡವೆ ಬೇಡ.

ಕೇಳಿದ್ದು ಮರೆತುಹೋಗುತ್ತದೆ, ಕೈಯಾರೆ ಮಾಡಿದ್ದು ಉಳಿಯುತ್ತದೆ. ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. 2012ರ ಸುಮಾರಿಗೆ ಐಸಿಡಿಎಸ್ ಪುನರ್ರಚನೆಯಾದಾಗ ‘ಸ್ನೇಹ ಶಿಬಿರ’ದ ಕಲ್ಪನೆ ಕಾಗದದ ಮೇಲೆ ಬಂದಿತ್ತು. ತಾಯಂದಿರು ಹನ್ನೆರಡು ದಿನ ಒಟ್ಟಾಗಿ ಅಡುಗೆ ಮಾಡಿ ಮಕ್ಕಳಿಗೆ ಉಣಿಸುವುದು, ಮುಂದಿನ ಹದಿನೆಂಟು ದಿನ ಅದನ್ನೇ ಮನೆಯಲ್ಲಿ ರೂಢಿಸುವುದು, ಮಗುವಿನ ತೂಕ ನೋಡುವುದು. ಅದರ ತಿರುಳು ಇಷ್ಟೆ: ಅದೇ ಓಣಿಯಲ್ಲಿ, ಅಷ್ಟೇ ಬಡತನದಲ್ಲಿ, ಮಗುವನ್ನು ಗಟ್ಟಿಯಾಗಿ ಬೆಳೆಸಿದ ತಾಯಿಯೇ ಗುರು. ಈ ಶಿಬಿರ ಬೀಡಿ ಕಟ್ಟುವ ಓಣಿಯ ಜಗಲಿಯ ಮೇಲೆ ಸಂಜೆ ಏಳರ ನಂತರ ನಡೆಯಲಿ. ನಿಪ್ಪಾಣಿ, ಕಾಗವಾಡಗಳ ಅನೇಕ ಮನೆಗಳಲ್ಲಿ ಮಾತು ಮರಾಠಿಯದು; ಅಲ್ಲಿ ಪಾಠವೂ ಮರಾಠಿಯಲ್ಲಿರಲಿ, ಇದರಲ್ಲಿ ಗಡಿಯ ರಾಜಕಾರಣ ಬೇಡ. ಅತ್ತೆಯೂ ಗಂಡನೂ ಅಲ್ಲಿರಬೇಕು. ಸಂತೆಗೆ ಹೋಗಿ ಬರುವವನು ಗಂಡ, ಯಾರಿಗೆ ಎಷ್ಟು ಬಡಿಸಬೇಕೆಂದು ನಿರ್ಧರಿಸುವವಳು ಅತ್ತೆ. ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುವ ಸೊಸೆಗೊಬ್ಬಳಿಗೇ ಪಾಠ ಹೇಳಿ ಏನು ಫಲ?

ಹೊಸ ಕೆಲಸವನ್ನೆಲ್ಲ ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಕಟ್ಟುವ ನಮ್ಮ ಚಾಳಿಯನ್ನೂ ಇಲ್ಲಿ ಬಿಡಬೇಕು. ಸಂಜೆಯ ಶಿಬಿರಕ್ಕೆ ಅವಳಿಗೆ ಪ್ರತ್ಯೇಕ ಗೌರವಧನ ಕೊಡಬೇಕು, ಕಲಿಸುವ ತಾಯಿಗೂ ಆ ದಿನದ ಕೂಲಿ ತುಂಬಿಕೊಡಬೇಕು. ನಡೆಸಿದ ಸಭೆಗಳ ಸಂಖ್ಯೆಯನ್ನಲ್ಲ, ತೂಕ ಏರಿದ ಮಕ್ಕಳ ಸಂಖ್ಯೆಯನ್ನು ತಾಲ್ಲೂಕು ಕಚೇರಿ ಕೇಳಬೇಕು.

2018ರಿಂದ ಪ್ರತಿ ಸೆಪ್ಟೆಂಬರ್ ‘ಪೋಷಣ ಮಾಸ’. ಜಾಥಾ, ರಂಗೋಲಿ, ಅಡುಗೆ ಪ್ರದರ್ಶನಗಳು ನಡೆದು ತಿಂಗಳು ಮುಗಿಯುತ್ತದೆ. ಅದರ ಬೆನ್ನಿಗೇ ಕಬ್ಬು ನುರಿಸುವ ಹಂಗಾಮು ಬಂದು, ಮಹಾರಾಷ್ಟ್ರದ ಬೀಡ್ ಮುಂತಾದ ಕಡೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಕೂಸುಕುನ್ನಿಗಳೊಂದಿಗೆ ಬಂದು ತಾಡಪತ್ರಿಯ ಗುಡಿಸಲುಗಳಲ್ಲಿ ಬೀಡುಬಿಡುತ್ತವೆ. ಆ ಮಕ್ಕಳ ಹೆಸರು ಇಲ್ಲಿನ ಯಾವ ಅಂಗನವಾಡಿಯ ದಾಖಲೆಯಲ್ಲಿದೆ? ವಲಸೆ ಬಂದ ಮಗುವನ್ನು ಬೇರೆ ಕೇಂದ್ರಕ್ಕೆ ಸೇರಿಸಿಕೊಳ್ಳುವ ಅವಕಾಶ ‘ಪೋಷಣ್ ಟ್ರ್ಯಾಕರ್’ ತಂತ್ರಾಂಶದಲ್ಲಿದೆ. ಕಾರ್ಖಾನೆಗಳ ಬಳಿ ಗ್ಯಾಂಗುಗಳ ಪಟ್ಟಿ ಇದ್ದೇ ಇರುತ್ತದೆ. ಮುಂದಿನ ಹಂಗಾಮಿಗೆ ಮುನ್ನ ಐದೂ ತಾಲ್ಲೂಕುಗಳ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಆ ಪಟ್ಟಿಯನ್ನು ತರಿಸಿಕೊಳ್ಳಬಹುದು.